ಸೀತಮ್ಮನ ಪಕ್ಕದಲ್ಲಿ ಯಾರಿದ್ದರು?

ಅಮ್ಮ, ಮುಳಬಾಗಿಲಿನಿಂದ ನೀವು ಬರೆದ ಕಾಗದ ಬಂತು.

ಹೋದ ಸಂಚಿಕೆಯಲ್ಲಿ ತೆಲುಗಿನ ಲೇಖಕಿ ವೋಲ್ಗಾ ಬಗ್ಗೆ ನಾಲ್ಕು ಸಾಲು ಹಾಕಿದ್ದೆವು. ಅದನ್ನು ಓದಿ ನಿಮಗೆ ಬೇಜಾರಾಗಿದೆ. "ವರ್ಷ ವರ್ಷ ಆವಣಿ ಬೆಟ್ಟ ಹತ್ತಿ ಸೀತಮ್ಮನಿಗೆ ಕೈಮುಗಿಯುವವಳು ನಾನು. ಆ ತಾಯಿಯನ್ನು ಶೂರ್ಪನಖಿ ಪಕ್ಕ ಕೂರಿಸೋಕೆ ಇವರು ಯಾರು?" ಅಂತ ಕೇಳಿದ್ದೀರಿ. ನಾನೂ ನಮ್ಮಮ್ಮನ ಸೆರಗು ಹಿಡಿದು ಆ ಬೆಟ್ಟ ಹತ್ತಿದವಳೇ. ನಿಮ್ಮ ನೋವು ಅರ್ಥವಾಗುತ್ತೆ.

ವೋಲ್ಗಾ ಅವರ ನಿಜವಾದ ಹೆಸರು ಪೋಪೂರಿ ಲಲಿತಕುಮಾರಿ. 1950ರಲ್ಲಿ ಗುಂಟೂರಿನಲ್ಲಿ ಹುಟ್ಟಿದವರು. ತೆನಾಲಿಯ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದರು, ಆಮೇಲೆ ಹೈದರಾಬಾದಿನ 'ಅಸ್ಮಿತ' ಮಹಿಳಾ ಸಂಸ್ಥೆಯಲ್ಲಿ ದುಡಿದರು. ಮದುವೆಯ ಒಳಗೆ ಹೆಣ್ಣಿಗೆ ಸ್ವಾತಂತ್ರ್ಯ ಎಷ್ಟು ಅಂತ ಕೇಳಿದ 'ಸ್ವೇಚ್ಛ' ಕಾದಂಬರಿ ಬಂದದ್ದು 1987ರಲ್ಲಿ. ಕವಿತೆಯನ್ನೂ ಬರೆದರು. ಅದಕ್ಕಿಂತ ನನಗೆ ಜಾಸ್ತಿ ಇಷ್ಟವಾಗೋದು, ಬೇರೆ ಹೆಂಗಸರ ಕವಿತೆಗಳನ್ನು ಹುಡುಕಿ 'ನೀಲಿ ಮೇಘಾಲು' ಅಂತ ಒಂದೇ ಪುಸ್ತಕದಲ್ಲಿ ತಂದದ್ದು.

ನಿಮಗೆ ಸಿಟ್ಟು ತರಿಸಿದ ಕಥೆ 'ವಿಮುಕ್ತ' ಸಂಕಲನದ್ದು. 2015ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೇ ಬಂತು. ಸೀತೆ ವಾಲ್ಮೀಕಿ ಆಶ್ರಮದಲ್ಲಿದ್ದಾಳೆ. ಲವ ಕುಶ ಕಾಡಿನಿಂದ ಚೆಂದದ ಹೂವು ತರುತ್ತಾರೆ. ಯಾರ ತೋಟದ್ದು ಅಂದರೆ ಶೂರ್ಪನಖಿಯದು! ಮೂಗು ಕಿವಿ ಕಳೆದುಕೊಂಡವಳು ಗಿಡ ನೆಟ್ಟು, ನೀರು ಹಾಕಿ ಬದುಕು ಕಟ್ಟಿಕೊಂಡಿದ್ದಾಳೆ. ಸೀತೆ ಅವಳನ್ನು ನೋಡಲು ಹೋಗುತ್ತಾಳೆ. ಇಬ್ಬರೂ ಒಂದೇ ಮನೆತನದಿಂದ ಪೆಟ್ಟು ತಿಂದವರು. ಇಲ್ಲಿ ಸೀತಮ್ಮ ಸಣ್ಣವಳಾಗಲಿಲ್ಲ, ಅಮ್ಮ. ಕಾಡಿಗೆ ಬಿಟ್ಟುಬಂದ ಬಸುರಿಗೆ, ಎಷ್ಟೋ ವರ್ಷದ ಮೇಲೆ, ಕಷ್ಟ ಸುಖ ಹೇಳಿಕೊಳ್ಳಲು ಒಬ್ಬಳು ಸಿಕ್ಕಳು.

ಹಾಗೆ ಬರೆಯೋಕೆ ಇವರು ಯಾರು ಅಂದಿರಿ. ನಮ್ಮಜ್ಜಿ ಬೀಸುತ್ತಾ ಊರ್ಮಿಳಾದೇವಿಯ ನಿದ್ದೆಯ ಹಾಡು ಹೇಳುತ್ತಿದ್ದರು, ತೆಲುಗಿನಲ್ಲಿ. ಗಂಡ ಲಕ್ಷ್ಮಣ ಕಾಡಿಗೆ ಹೋದ ಹದಿನಾಲ್ಕು ವರ್ಷವೂ ಆಕೆ ಮಲಗಿದ್ದಳಂತೆ. ವಾಲ್ಮೀಕಿ ಹೇಳದ್ದನ್ನು ಹೆಂಗಸರು ಕಟ್ಟಿ ಹಾಡಿದರು, ಯಾರನ್ನೂ ಕೇಳಲಿಲ್ಲ. ಈ ಲೇಖಕಿ ಅದೇ ಹಾಡಿಗೆ ಇನ್ನೊಂದು ನುಡಿ ಸೇರಿಸಿದ್ದಾರೆ. ಇವರ ಊರ್ಮಿಳೆ ಮಲಗಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬಳೇ ಯೋಚಿಸಿದಳು.

ನಮ್ಮ ಆವಣಿಯನ್ನೇ ನೋಡಿ. ಬೆಟ್ಟದ ಕೆಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿದ್ದಾರೆ. ಸೀತಮ್ಮ ಮಾತ್ರ ಅಷ್ಟು ಎತ್ತರದಲ್ಲಿ, ಬೇರೆ. ಮಕ್ಕಳ ಭಾಗ್ಯ ಬೇಡಿ ಹತ್ತುವ ಹೆಣ್ಣುಮಕ್ಕಳೇ ಅವಳಿಗೆ ಜೊತೆ, ಅಲ್ವಾ? ಚಿಕ್ಕಂದಿನಲ್ಲಿ ನಮ್ಮಮ್ಮನನ್ನು ಕೇಳಿದ್ದೆ, ಊರ್ಮಿಳೆ ಗುಡಿ ಎಲ್ಲಿ ಅಂತ. ಅಮ್ಮ ಸುಮ್ಮನೆ ನಡೆದರು.

ನಮ್ಮ ಕಡೆಯ ಎಷ್ಟೋ ಜನರ ಹಾಗೆ ನಿಮಗೂ ತೆಲುಗು ಮಾತು ಬರುತ್ತೆ, ಅಕ್ಷರ ಬರಲ್ಲ. ಮದನಪಲ್ಲಿಯಿಂದ ಬಂದ ಸೊಸೆಗೆ ಓದಲು ಬರುತ್ತೆ ಅಂತ ಬರೆದಿದ್ದೀರಿ. ನನ್ನ 'ವಿಮುಕ್ತ' ಪ್ರತಿಯನ್ನು ಅಂಚೆಗೆ ಹಾಕಿದ್ದೇನೆ. ಸಂಜೆ ಕೆಲಸ ಮುಗಿದ ಮೇಲೆ ಅವಳ ಕೈಲಿ ಓದಿಸಿ ಕೇಳಿ. ಊರ್ಮಿಳೆ ಕಥೆಯಿಂದಲೇ ಶುರು ಮಾಡಲಿ.

— ಸಂಪಾದಕಿ