ಒಂಬತ್ತು ದಿನದಲ್ಲಿ ಥೊರಾಂಗ್ ಲಾ? ಮತ್ತೆ ಅದೇ ಪ್ರಶ್ನೆ

ಮಳೆ ಹಿಂದೆ ಸರಿಯುತ್ತಿದ್ದ ಹಾಗೆ ನನಗೆ ಪ್ರಶ್ನೆಗಳ ಮಳೆ ಶುರುವಾಗುತ್ತದೆ. ಶಿರಸಿ, ಕುಮಟಾ, ಅಂಕೋಲಾ, ಕಾರವಾರ. ಊರು ಬೇರೆ, ಪ್ರಶ್ನೆ ಅದೇ: ನೇಪಾಳದ ಅನ್ನಪೂರ್ಣಾ ಭಾಗದಲ್ಲಿ ಪರ್ವತ ಸಾಲು ದಾಟುವ ಎತ್ತರದ ದಾರಿ (ಪಾಸ್) ಥೊರಾಂಗ್ ಲಾವನ್ನು ಎಷ್ಟು ದಿನದಲ್ಲಿ ದಾಟಬಹುದು? ಹೋದ ವರ್ಷ ಹೇಳಿದ್ದನ್ನೇ ಮತ್ತೆ ಹೇಳೋದು ಬೇಜಾರಿನ ಕೆಲಸ. ಆದರೆ ಈ ಸಲ ಬಂದ ಒಂದು ಪ್ಲಾನ್ ನೋಡಿ ಬೇಜಾರಿಗಿಂತ ಹೆದರಿಕೆ ಜಾಸ್ತಿ ಆಯಿತು. ಶೂ ಯಾವುದು, ಬ್ಯಾಗ್ ಎಷ್ಟು ಲೀಟರಿನದು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಅದನ್ನು ಅಂಗಡಿಯವನೂ ಹೇಳುತ್ತಾನೆ.

ಪ್ರಶ್ನೆ: ನಾವು ಕುಮಟೆಯ ಒಂದೇ ಮನೆಯ ಆರು ಜನ. ಅಪ್ಪನಿಗೆ 61, ಬಿಪಿ ಮಾತ್ರೆ ಇದೆ. ದಸರಾ ರಜೆಯಲ್ಲಿ 9 ದಿನ ಸಿಗುತ್ತದೆ. ಕಠ್ಮಂಡು, ಭಕ್ತಪುರ ನೋಡಿ, ಜೀಪಿನಲ್ಲಿ ಮನಾಂಗ್‌ಗೆ ಹೋಗಿ, ಅಲ್ಲಿಂದ ಥೊರಾಂಗ್ ಲಾ ದಾಟಿ ಮುಕ್ತಿನಾಥ, ಆಮೇಲೆ ಪೋಖರಾ. ದಿನವಾರು ಪ್ಲಾನ್ ಕೊಡಿ. ನಾವೆಲ್ಲ ಯಾಣ, ವಿಭೂತಿ ಜಲಪಾತ ಹತ್ತಿ ಇಳಿದವರು, ಫಿಟ್ ಇದ್ದೇವೆ.

ಯಾಣ ಹತ್ತಿದ್ದು ಒಳ್ಳೆಯದು. ಕಾಲಿಗೆ ಒಳ್ಳೆಯದು. ಎತ್ತರಕ್ಕೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಮನಾಂಗ್ 3,540 ಮೀಟರ್, ಥೊರಾಂಗ್ ಲಾ 5,416. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕುಮಟೆಯ ಕಡಲ ದಡದಲ್ಲಿ ಸಿಗುವುದರ ಹೆಚ್ಚುಕಮ್ಮಿ ಅರ್ಧ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಾ ಕಡೆ ಅದೇ 21 ಶೇಕಡಾ, ಆದರೆ ಮೇಲೆ ಹೋದ ಹಾಗೆ ಒತ್ತಡ ಇಳಿದು ಗಾಳಿಯೇ ತೆಳುವಾಗುತ್ತದೆ. ಅದಕ್ಕೆ ದೇಹ ಹೊಂದಿಕೊಳ್ಳಬಲ್ಲದು, ಸಮಯ ಕೊಟ್ಟರೆ. ಫಿಟ್ ಇದ್ದವರಿಗೆ ಬೇಗ ಹೊಂದುತ್ತದೆ ಅನ್ನೋದು ಸುಳ್ಳು. ಫಿಟ್ ಇದ್ದವರು ಬೇಗ ಬೇಗ ಹತ್ತಿ ಮೊದಲು ಮಲಗುತ್ತಾರೆ, ಅಷ್ಟೇ ವ್ಯತ್ಯಾಸ.

ಲೆಕ್ಕ ಸರಳ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರಿಗಿಂತ ಜಾಸ್ತಿ ಎತ್ತರ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನೋದು ಮುಖ್ಯ. ಈಗ ನಿಮ್ಮ ಪ್ಲಾನ್ ನೋಡಿ. ಜೀಪು ಹತ್ತುವ ಬೆಸಿಸಹರ್ 760 ಮೀಟರ್. ಅಲ್ಲಿಂದ ಒಂದೋ ಎರಡೋ ದಿನದಲ್ಲಿ 3,540. ರಸ್ತೆ ಆದ ಮೇಲೆ ಬಂದ ಕಾಯಿಲೆ ಇದು. ಮುಂಚೆ ನಡೆದೇ ಹೋಗಬೇಕಿತ್ತು, ಬೇಕೋ ಬೇಡವೋ ದೇಹಕ್ಕೆ ಒಂದು ವಾರ ಸಿಗುತ್ತಿತ್ತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಾನೂ ದಿನ ಉಳಿಸೋಣ ಅಂತ ಒಂದು ಗುಂಪನ್ನು ಜೀಪಿನಲ್ಲಿ ಮನಾಂಗ್‌ಗೆ ಒಯ್ದಿದ್ದೆ. ಗುಂಪಿನಲ್ಲಿ ಕಾರವಾರದ ಒಬ್ಬ ಹುಡುಗ, ಬೈತಖೋಲದಲ್ಲಿ ಬಲೆ ಎಳೆದು ಗಟ್ಟಿಯಾದ ತೋಳು, ನನ್ನ ಬ್ಯಾಗನ್ನೂ ಅವನೇ ಹೊರುತ್ತಿದ್ದ. ಮನಾಂಗ್‌ನಲ್ಲಿ ತಲೆನೋವು ಅಂದ. ಪಿತ್ತ ಕೆದರಿರಬೇಕು ಅಂತ ಅವನೇ ಹೇಳಿದ, ಮನೆಯಿಂದ ತಂದ ಮುರುಗಲು ಸಿಪ್ಪೆ ನೆನೆಸಿ ಕುಡಿದ. ನಾನು ಸುಮ್ನೆ ಇದ್ದೆ. ಯಾಕೆ ಸುಮ್ನಿದ್ದೆ ಅಂದರೆ ನನ್ನ ಪ್ಲಾನಿನಲ್ಲಿ ಒಂದು ದಿನವೂ ಹೆಚ್ಚುವರಿ ಇರಲಿಲ್ಲ. ಮರುದಿನ ಸಂಜೆ ಯಾಕ್ ಖರ್ಕಾದಲ್ಲಿ, 4,050 ಮೀಟರಿನಲ್ಲಿ, ಅವನು ಅಂಗಳ ದಾಟುವಾಗ ಕುಡಿದವರ ಹಾಗೆ ತೂರಾಡಿದ. ಹಿಮ್ಮಡಿಗೆ ಬೆರಳು ತಾಗಿಸಿ ಗೆರೆಯ ಮೇಲೆ ನಡೆ ಅಂದರೆ ನಾಲ್ಕು ಹೆಜ್ಜೆ ಆಗಲಿಲ್ಲ. ಅದು ಮಿದುಳಿಗೆ ನೀರು ತುಂಬುವ ಲಕ್ಷಣ. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಗೈಡ್ ಮತ್ತು ನಾನು ಇಬ್ಬರೂ ಎರಡು ಕಡೆ ಹಿಡಿದು ಟಾರ್ಚ್ ಬೆಳಕಿನಲ್ಲಿ ಕೆಳಗಿಳಿಸಿದೆವು. ಆ ರಾತ್ರಿಯ ನಡಿಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಅವನಿಗೇನೋ ಎರಡು ದಿನಕ್ಕೆ ಸರಿಯಾಯಿತು, ಬಡಿಸಿದ ದಾಲ್ ಭಾತ್ ಸಾಲದೆ ಮತ್ತೆ ಕೇಳಿದ.

ಆದ್ದರಿಂದ ಎತ್ತರದಲ್ಲಿ ತಲೆನೋವು ಬಂದರೆ ಅದು ಎತ್ತರದ್ದೇ. ಪಿತ್ತ ಅಲ್ಲ, ಬಿಸಿಲು ಅಲ್ಲ, ದೃಷ್ಟಿ ಅಲ್ಲ. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಅಲ್ಲೇ ನಿಲ್ಲಿ. ಜಾಸ್ತಿಯಾದರೆ ಇಳಿಯಿರಿ. ಕೂತಲ್ಲೇ ಏದುಸಿರು ಬಂದರೆ, ಕೆಮ್ಮು ಬಿಡದಿದ್ದರೆ, ಮಾತು ತಡವರಿಸಿದರೆ ಆಗಲೇ ಇಳಿಯಿರಿ, ರಾತ್ರಿಯಾದರೂ ಸರಿ.

ಹಾಗಾದರೆ ನೋಡುವ ಜಾಗಗಳಿಗೆ ದಿನ ಎಲ್ಲಿ ಅಂತ ಕೇಳುತ್ತೀರಿ. ಇಲ್ಲೇ ಎಲ್ಲರೂ ಎಡವುತ್ತಾರೆ. ಟ್ರೆಕ್ ಒಂದು ಕಡೆ, ಸೈಟ್ ಸೀಯಿಂಗ್ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ದಿನ ಅಂತ ಲೆಕ್ಕ ಹಾಕುತ್ತೀರಿ. ಆಮೇಲೆ ಎರಡರಿಂದಲೂ ಕಡಿಯುತ್ತೀರಿ. ದೇಹ ಎಲ್ಲಿ ನಿಲ್ಲಬೇಕೋ ಅಲ್ಲೇ ನೋಡುವಂಥದ್ದೂ ಇದೆ, ಅದೇ ಈ ದಾರಿಯ ಪುಣ್ಯ. ಚಾಮೆಯಲ್ಲಿ (2,670) ಮಲಗಿ ಮರುದಿನ ಮೇಲಿನ ಪಿಸಾಂಗ್ (3,300). ಅಲ್ಲಿಂದ ಕೆಳಗಿನ ಜೀಪ್ ರಸ್ತೆ ಬಿಟ್ಟು ಘ್ಯಾರು, ಙಾವಲ್ ಹಳ್ಳಿಗಳ ದಾರಿ ಹಿಡಿಯಿರಿ. ಕಲ್ಲಿನ ಮನೆ, ಸಪಾಟು ಚಾವಣಿ, ಅದರ ಮೇಲೆ ಒಣಹಾಕಿದ ಸೌದೆ, ಎದುರಿಗೆ ಅನ್ನಪೂರ್ಣಾ ಸಾಲು. ಹಗಲು ಹತ್ತಿ ರಾತ್ರಿ ಬ್ರಾಗಾಕ್ಕೆ (3,450) ಇಳಿದು ಮಲಗಬಹುದು. ಬ್ರಾಗಾದ ಗೊಂಪಾ (ಬೌದ್ಧ ಮಠ) ಸುಮಾರು 500 ವರ್ಷ ಹಳೆಯದು ಅನ್ನುತ್ತಾರೆ. ಮನೆಗಳು ಗುಡ್ಡಕ್ಕೆ ಒಂದರ ಮೇಲೊಂದು ಅಂಟಿಕೊಂಡಿವೆ, ಗೊಂಪಾ ಅವುಗಳ ನೆತ್ತಿಯ ಮೇಲಿದೆ. ಅರ್ಧ ದಿನ ಅಲ್ಲಿ ಕೂತರೆ ದೇಹಕ್ಕೂ ಅಷ್ಟೇ ಬೇಕಾಗಿತ್ತು. ಮನಾಂಗ್‌ನಲ್ಲಿ ಎರಡು ರಾತ್ರಿ. ಸೀಸನ್ನಿನಲ್ಲಿ ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ವೈದ್ಯರು ಮಧ್ಯಾಹ್ನ ಎತ್ತರದ ಕಾಯಿಲೆ ಬಗ್ಗೆ ಮಾತಾಡುತ್ತಾರೆ. ಹೋಗಿ ಕೇಳಿ. ನನ್ನ ಅಂಕಣ ಓದೋದಕ್ಕಿಂತ ಅದು ವಾಸಿ.

ದಾರಿಯಲ್ಲಿ ಮಂತ್ರ ಕೆತ್ತಿದ ಮಣಿ ಕಲ್ಲಿನ ಗೋಡೆ ಬರುತ್ತದೆ. ಅದು ನಿಮ್ಮ ಬಲಕ್ಕೆ ಇರುವ ಹಾಗೆ ನಡೆಯಬೇಕು. ನಮ್ಮ ಪ್ರದಕ್ಷಿಣೆಯ ಲೆಕ್ಕವೇ. ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇವರೇ ಗೋಕರ್ಣದಲ್ಲಿ ಚಪ್ಪಲಿ ಹಾಕಿ ಓಡಾಡುವ ಪ್ರವಾಸಿಗರಿಗೆ ಬೈಯುವವರು.

ಮನಾಂಗ್ ಬಿಟ್ಟ ಮೇಲೆ ಯಾಕ್ ಖರ್ಕಾ, ಥೊರಾಂಗ್ ಫೇದಿ (4,450), ಮರುದಿನ ಕತ್ತಲಿರುವಾಗಲೇ ಹೊರಟು ಪಾಸ್. ಸುಮಾರು ಸಾವಿರ ಮೀಟರ್ ಹತ್ತಿ 1,650 ಮೀಟರ್ ಇಳಿಯೋದು, ಒಂದೇ ದಿನ. ಆ ದಿನ ಬೇಕಾಗೋದು ಮಂಡಿ. ಅದಕ್ಕೆ ಹತ್ತುವ ಅಭ್ಯಾಸಕ್ಕಿಂತ ಇಳಿಯುವ ಅಭ್ಯಾಸ ಮಾಡಿ. ಹತ್ತು ಕಿಲೋ ಹೊತ್ತು ದೇವಿಮನೆ ಘಾಟಿ ಇಳಿದು ನೋಡಿ, ಗೊತ್ತಾಗುತ್ತದೆ. ಮುಕ್ತಿನಾಥ, ಕಾಗ್‌ಬೇನಿ, ಮಾರ್ಫಾ, ಪೋಖರಾ, ಕಠ್ಮಂಡು ಅಂತ ಊರಿಗೆ ಮರಳುವಷ್ಟರಲ್ಲಿ 16 ದಿನ. ಒಂದು ದಿನ ಮಳೆಗೋ ಹಿಮಕ್ಕೋ ಅಂತ ಎತ್ತಿಡಿ, 17.

ಹಿಮ ಅಂದೆನಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದಲ್ಲಿ ದಡ ಸೇರಿತು. ಎರಡೇ ದಿನಕ್ಕೆ ಅದರ ಉಳಿಕೆ ಈ ಪಾಸಿನ ಮೇಲೆ ಹಿಮವಾಗಿ ಬಿತ್ತು. ಆ ಭಾಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಟ್ರೆಕ್ಕಿಂಗ್‌ಗೆ ಒಳ್ಳೆಯ ತಿಂಗಳು ಅಂತ ಎಲ್ಲರೂ ಹೇಳುವ ಅಕ್ಟೋಬರಿನಲ್ಲೇ. ಸಮುದ್ರದಲ್ಲಿ ತೂಫಾನು ಅಂದರೆ ದೋಣಿ ಇಳಿಸೋದಿಲ್ಲ ಅಲ್ವಾ ನಮ್ಮವರು? ಬಂಗಾಳ ಕೊಲ್ಲಿಯಲ್ಲಿ ತೂಫಾನು ಅಂದರೆ ಥೊರಾಂಗ್ ಲಾಕ್ಕೂ ಹತ್ತಬೇಡಿ. ಮನಾಂಗ್‌ನಲ್ಲಿ ಇಸ್ಪೀಟು ಆಡುತ್ತಾ ಕೂರಿ.

ಇನ್ನು ನಿಮ್ಮ 9 ದಿನ. ಅಪ್ಪನನ್ನು ಕರೆದುಕೊಂಡು ಪಾಸ್ ದಾಟೋದು ಬಿಟ್ಟುಬಿಡಿ, ಮುಕ್ತಿನಾಥ ಬಿಡಬೇಡಿ. ಒಂದನೇ ದಿನ ಕಠ್ಮಂಡು, ಎರಡನೇ ದಿನ ಪೋಖರಾ (820 ಮೀಟರ್), ಮೂರನೇ ದಿನ ಜೀಪಿನಲ್ಲಿ ಮಾರ್ಫಾ (2,670). ರಸ್ತೆ ಕೆಟ್ಟದು, ಸೊಂಟಕ್ಕೆ ಹೇಳಿ ಹತ್ತಿ. ಮಾರ್ಫಾದಲ್ಲಿ ಇನ್ನೊಂದು ರಾತ್ರಿ. ಸುಣ್ಣ ಬಳಿದ ಮನೆ, ಚಪ್ಪಡಿ ಹಾಸಿದ ಓಣಿ, ಸುತ್ತ ಸೇಬಿನ ತೋಟ, ಅಲ್ಲಿನ ಥಕಾಲಿ ಜನರ ಊಟ. ಐದನೇ ದಿನ ಜೋಮ್‌ಸೋಮ್‌ನಿಂದ ಕಾಗ್‌ಬೇನಿಗೆ (2,800) ನಡೆಯಿರಿ, ಬೆಳಿಗ್ಗೆ ಬೇಗ ಹೊರಟು. ಹನ್ನೊಂದರ ಮೇಲೆ ಕಾಳಿ ಗಂಡಕಿ ಕಣಿವೆಯಲ್ಲಿ ಬೀಸುವ ಗಾಳಿ ಮುಖಕ್ಕೆ ಮರಳು ಎರಚುತ್ತದೆ. ಜೋಮ್‌ಸೋಮ್‌ನ ವಿಮಾನಗಳೂ ಅದಕ್ಕೇ ಬೆಳಿಗ್ಗೆ ಮಾತ್ರ. ಕಾಗ್‌ಬೇನಿಯಲ್ಲಿ ಪಿತೃಕಾರ್ಯ ಮಾಡಿಸುವವರು ತುಂಬಾ, ನಮ್ಮ ಗೋಕರ್ಣದ ಹಾಗೆ. ಅಲ್ಲೇ ಪಕ್ಕಕ್ಕೆ 1429ರಲ್ಲಿ ಕಟ್ಟಿದ ಕೆಂಪು ಗೊಂಪಾ. ಆರನೇ ದಿನ ಜೀಪಿನಲ್ಲಿ ಮುಕ್ತಿನಾಥಕ್ಕೆ (3,760) ಹೋಗಿ, ದರ್ಶನ ಮಾಡಿ, ಝಾರ್‌ಕೋಟ್ ಮೇಲಿಂದ ನಡೆದು ಇಳಿದು ಮತ್ತೆ ಕಾಗ್‌ಬೇನಿಯಲ್ಲೇ ಮಲಗಿ. ಮೇಲೆ ನೋಡಿ ಕೆಳಗೆ ಮಲಗೋದು ಅಂದರೆ ಇದೇ. ಉಳಿದ ಮೂರು ದಿನ ಪೋಖರಾ, ಕಠ್ಮಂಡು, ಮನೆ. ಅಪ್ಪನ ಬಿಪಿ ಮಾತ್ರೆ ಒಂದು ದಿನವೂ ತಪ್ಪಬಾರದು, ಹೊರಡುವ ಮುಂಚೆ ಅವರ ಡಾಕ್ಟರಿಗೆ ಎತ್ತರ ಎಷ್ಟು ಅಂತ ಮೀಟರಿನಲ್ಲಿ ಹೇಳಿ ಕೇಳಿ. 'ಹಿಮಾಲಯಕ್ಕೆ ಹೋಗ್ತೇವೆ' ಅಂದರೆ ಅವರಿಗೆ ಏನೂ ಗೊತ್ತಾಗೋದಿಲ್ಲ.

ಮುಕ್ತಿನಾಥದಲ್ಲಿ 108 ಧಾರೆಗಳಿವೆ. ತಲೆಗೆ ಒಂದೊಂದು ಹನಿ ಪ್ರೋಕ್ಷಣೆ ಮಾಡಿಕೊಳ್ಳಿ, ಸಾಕು. ಅಪ್ಪ ಅಷ್ಟರ ಕೆಳಗೂ ಮೀಯುತ್ತೇನೆ ಅಂದರೆ ನೀವು ಅಡ್ಡ ನಿಲ್ಲಿ. ವೈಷ್ಣವರಿಗೆ ಅದು 108 ದಿವ್ಯದೇಶಗಳಲ್ಲಿ ಒಂದು, ಟಿಬೆಟನ್ ಬೌದ್ಧರಿಗೆ ಅದೇ ಮೂರ್ತಿ ಅವಲೋಕಿತೇಶ್ವರ, ಸೇವೆಗೆ ಬೌದ್ಧ ಸನ್ಯಾಸಿನಿಯರೂ ಇದ್ದಾರೆ. ಕಠ್ಮಂಡುವಿನ ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು, ಅದು ನಿಮಗೆ ಗೊತ್ತಿರುತ್ತದೆ. ಭಕ್ತಪುರದ ಐದಂತಸ್ತಿನ ನ್ಯಾತಪೋಲ ದೇವಸ್ಥಾನ 1702ರದ್ದು. 1934ರ ಭೂಕಂಪಕ್ಕೂ 2015ರದ್ದಕ್ಕೂ ಬೀಳಲಿಲ್ಲ. ಆ ಇಳಿಜಾರು ಚಾವಣಿ ನೋಡಿದಾಗ ನನಗೆ ಪ್ರತಿ ಸಲ ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಮಾಡು ನೆನಪಾಗುತ್ತದೆ. ಎರಡೂ ಕಡೆ ಮಳೆ ಜೋರು.

ಒಂದು ಮಾತು ಬಿಟ್ಟಿದ್ದೆ. ನಿಮ್ಮ ದಸರಾ ಅಂದರೆ ಅಲ್ಲಿ ದಶೈಂ, ನೇಪಾಳದ ಅತಿ ದೊಡ್ಡ ಹಬ್ಬ. ಊರಿಗೆ ಊರೇ ಮನೆಗೆ ಹೊರಟಿರುತ್ತದೆ. ಬಸ್ಸು ಜೀಪು ಸಿಗೋದಿಲ್ಲ, ಗೈಡ್‌ಗಳೂ ಮನೆ ಸೇರುತ್ತಾರೆ. ಹಬ್ಬ ಮುಗಿದ ಮರುವಾರ ಹೋಗೋದಾದರೆ ರಜೆ ಬೇಡಿ ಪಡೆಯಿರಿ.

ಪ್ರಶ್ನೆ: ಕರ್ಪೂರ ಮೂಸಿದರೆ ಆಮ್ಲಜನಕ ಸಿಗುತ್ತದಂತೆ, ಹೌದಾ?

ಇಲ್ಲ. ಮೂಗು ತಣ್ಣಗಾಗುತ್ತದೆ, ಉಸಿರು ಸಲೀಸಾದ ಹಾಗೆ ಅನ್ನಿಸುತ್ತದೆ. ರಕ್ತಕ್ಕೆ ಏನೂ ಸೇರೋದಿಲ್ಲ. ಬೆಳ್ಳುಳ್ಳಿ ಸೂಪ್ ರುಚಿಗೆ ಕುಡಿಯಿರಿ. ರಮ್ ಮೈ ಬೆಚ್ಚಗಾದ ಹಾಗೆ ಮಾಡಿ ಒಳಗಿನ ಶಾಖ ಹೊರಗೆ ಬಿಡುತ್ತದೆ. ಪರ್ವತದ ಸುಸ್ತಿಗೆ ಗಿಡಮೂಲಿಕೆ ಪುಡಿ ಅಂತ ಮಾರುವವನನ್ನು ಒಂದೇ ಪ್ರಶ್ನೆ ಕೇಳಿ: ನೀನು ಎಷ್ಟು ಎತ್ತರದಲ್ಲಿ ಮಲಗಿದ್ದೀಯಾ?

ಪ್ರಶ್ನೆ: ಡಯಾಮಾಕ್ಸ್ ತಗೊಂಡರೆ ಬೇಗ ಹತ್ತಬಹುದಲ್ಲ?

ಅದು ಅಸೆಟಜೋಲಮೈಡ್, ಎತ್ತರದ ಕಾಯಿಲೆ ತಡೆಯಲು ಕೊಡುವ ಮಾತ್ರೆ. ಮೂತ್ರಪಿಂಡ ಬೈಕಾರ್ಬನೇಟನ್ನು ಹೊರಹಾಕುವ ಹಾಗೆ ಮಾಡಿ ರಕ್ತವನ್ನು ಸ್ವಲ್ಪ ಆಮ್ಲೀಯ ಮಾಡುತ್ತದೆ, ಅದರಿಂದ ಉಸಿರಾಟ ಹೆಚ್ಚಾಗುತ್ತದೆ. ಹೊಂದಿಕೆಗೆ ಸಹಾಯ, ಹೊಂದಿಕೆಯ ಬದಲಿ ಅಲ್ಲ. ತಡೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಡುತ್ತಾರೆ, ಡಾಕ್ಟರ್ ಹೇಳಿದರೆ ಮಾತ್ರ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಏಳಬೇಕು, ಹೆದರಬೇಡಿ. ಪಕ್ಕದವನ ಚೀಟಿಯಿಂದ ಮಾತ್ರೆ ತಗೊಳ್ಳುವವರ ಜೊತೆ ನಾನು ಟ್ರೆಕ್ ಮಾಡೋದಿಲ್ಲ.

ಪ್ರಶ್ನೆ: ಮನೆಯ ಪೂಜೆಗೆ ಅಸಲಿ ಸಾಲಿಗ್ರಾಮ ಎಲ್ಲಿ ಕೊಳ್ಳಬೇಕು?

ಕಾಳಿ ಗಂಡಕಿಯ ಸಾಲಿಗ್ರಾಮ (ನಮ್ಮ ಕಾರವಾರದ ಕಾಳಿ ಅಲ್ಲ) ಅಮೊನೈಟ್ ಅನ್ನುವ ಕಡಲ ಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮುಂಚೆ ಅಲ್ಲಿ ಟೆಥಿಸ್ ಸಮುದ್ರ ಇತ್ತು. ಒಳಗಿನ ಸುರುಳಿಯೇ ಚಕ್ರ. ಅಂಗಡಿಯಲ್ಲಿ ಕೆತ್ತಿದ ಚಕ್ರವೂ ಸಿಗುತ್ತದೆ, ಅಂಟು ಹಾಕಿ ಜೋಡಿಸಿದ್ದೂ ಸಿಗುತ್ತದೆ. ಲಕ್ಷ್ಮಿ ಬರುತ್ತಾಳೆ ಅಂತ ಸಾವಿರಾರು ರೂಪಾಯಿ ಹೇಳುವವನ ಮುಂದೆ ನಿಲ್ಲಲೂ ಬೇಡಿ.

ಪ್ರಶ್ನೆ: ಆಧಾರ್ ಸಾಕಾ? ಗೈಡ್ ಇಲ್ಲದೆ ಹೋಗಬಹುದಾ?

ವಿಮಾನದಲ್ಲಿ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಬೇಕು. ವೀಸಾ ಬೇಡ. ಗೈಡ್ ಕಡ್ಡಾಯ ಅಂತ 2023ರ ಏಪ್ರಿಲ್‌ನಿಂದ ನಿಯಮ ಇದೆ. ನಿಯಮ ಇಲ್ಲದಿದ್ದರೂ ಗೈಡ್ ತಗೊಳ್ಳಿ, ಆ ರಾತ್ರಿ ನಾನೊಬ್ಬನೇ ಇದ್ದಿದ್ದರೆ ಆ ಹುಡುಗನನ್ನು ಇಳಿಸಲು ಆಗುತ್ತಿರಲಿಲ್ಲ.

ಪ್ರಶ್ನೆ: ಸಸ್ಯಾಹಾರ ಸಿಗುತ್ತದಾ?

ಹದಿನಾರು ದಿನ ದಾಲ್ ಭಾತ್. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಿರಿ, ಎರಡು ಬಾಟಲಿ. ಒಂದು ಗೈಡ್‌ಗೆ.

ಪ್ರಶ್ನೆ: ಶಿರಸಿಯವನು. ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೋಗಬೇಕು ಅಂತಿದ್ದೇನೆ.

ಪಾಸಿನ ಮೇಲೆ ಹಿಮ ತುಂಬಿರುತ್ತದೆ, ಮೇಲಿನ ಲಾಡ್ಜ್‌ಗಳು ಹಲವು ಬಾಗಿಲು ಹಾಕಿರುತ್ತವೆ. ಏಪ್ರಿಲ್‌ಗೆ ಹೋಗಿ. ಕೆಳಗಿನ ಕಾಡಿನಲ್ಲಿ ಗುರಾಂಸ್ (ರೋಡೋಡೆಂಡ್ರನ್) ಹೂ ಬಿಟ್ಟಿರುತ್ತದೆ. ಅಡಿಕೆ ಅಷ್ಟರಲ್ಲಿ ಸುಲಿದೂ ಆಗಿರುತ್ತದೆ.