ಮೂರು ತಂಡ ನೋಡಿದ ಗಾಯಾಳು, ಯಾರೂ ನೋಡದ ಗಾಯಾಳು

ಓದುಗರ ಪತ್ರ: ಭೂಕಂಪವೋ ಕಟ್ಟಡ ಕುಸಿತವೋ ಆದಾಗ ಸರ್ಕಾರಿ, ಖಾಸಗಿ, ಸೇನೆಯ, ಸ್ವಯಂಸೇವಕರ ವೈದ್ಯಕೀಯ ತಂಡಗಳೆಲ್ಲ ಧಾವಿಸುತ್ತವೆ. ಆದರೂ ಒಬ್ಬರನ್ನೇ ಮೂರು ತಂಡಗಳು ತಪಾಸಣೆ ಮಾಡಿ, ಪಕ್ಕದಲ್ಲಿ ಬಿದ್ದವರನ್ನು ಯಾರೂ ಕೇಳದೆ ಹೋಗುವುದೇಕೆ? ಎಲ್ಲರನ್ನೂ ಒಬ್ಬ ಹಿರಿಯ ವೈದ್ಯರ ಕೈಕೆಳಗೆ ತಂದರೆ ಸಾಲದೇ?

ಸಂಪಾದಕರ ಉತ್ತರ: ಸಾಲದು. ಒಬ್ಬರು ಉಸ್ತುವಾರಿ ಇರಲೇಬೇಕು, ನಿಜ. ಆದರೆ ಹಿರಿಯ ವೈದ್ಯರು ಬಂದವರೇ ಕೈಗವಸು ಹಾಕಿಕೊಂಡು ಮೊದಲು ಕಂಡ ಗಾಯಾಳುವಿನ ಬಳಿ ಕೂತುಬಿಟ್ಟರೆ ಉಸ್ತುವಾರಿ ಅಲ್ಲಿಗೇ ಮುಗಿಯಿತು. ಅವರು ಯಾರಿಗೂ ಚಿಕಿತ್ಸೆ ಮಾಡಬಾರದು. ಅಗ್ನಿಶಾಮಕ ದಳದ ಮತ್ತು ಪೊಲೀಸ್ ಅಧಿಕಾರಿಗಳ ಪಕ್ಕದಲ್ಲೇ ನಿಂತಿರಬೇಕು. ಗೋಡೆ ಇನ್ನೂ ಕುಸಿಯಲಿದೆಯೇ, ಅನಿಲ ಸೋರುತ್ತಿದೆಯೇ ಎಂಬುದು ಮೊದಲು ತಿಳಿಯುವುದು ಆ ಇಬ್ಬರಿಗೆ.

ಒಬ್ಬರನ್ನೇ ಮೂವರು ನೋಡುವುದಕ್ಕೆ ಕಾರಣ ಜಾಗ ಹಂಚಿಕೊಳ್ಳದಿರುವುದು. ವಾಹನ ನಿಂತಲ್ಲೇ ತಂಡವೂ ಕೆಲಸಕ್ಕಿಳಿಯುತ್ತದೆ, ರಸ್ತೆಯಂಚಿನವರಿಗೇ ಎಲ್ಲರ ಆರೈಕೆ. ಬಂದ ತಂಡ ಮೊದಲು ಒಂದೇ ಕಡೆ ಹೆಸರು ಬರೆಸಿ, ತನ್ನ ವಲಯ ಕೇಳಿಕೊಂಡು, ಎಲ್ಲರೂ ಬಳಸುವ ವೈರ್‌ಲೆಸ್ ಚಾನೆಲ್‌ಗೆ ಬರಬೇಕು.

ಯಾರಿಗೆ ಮೊದಲು ಚಿಕಿತ್ಸೆ ಎಂದು ಗಾಯಾಳುಗಳನ್ನು ವಿಂಗಡಿಸುವ ಅಳತೆಗೋಲೂ ಒಂದೇ ಇರಬೇಕು. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ಸ್ಟಾರ್ಟ್’ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಪ್ರತಿ ಗಾಯಾಳುವಿಗೆ ಒಂದು ಬಣ್ಣದ ಟ್ಯಾಗ್: ಕೆಂಪಿಗೆ ತಕ್ಷಣ ಚಿಕಿತ್ಸೆ, ಹಳದಿ ಸ್ವಲ್ಪ ಕಾಯಬಲ್ಲದು, ಹಸಿರು ಸಣ್ಣ ಗಾಯ, ಕಪ್ಪು ಎಂದರೆ ಸತ್ತವರು ಇಲ್ಲವೇ ಬದುಕುವ ಭರವಸೆಯಿಲ್ಲದವರು. ನಡೆಯಬಲ್ಲವರು ಹಸಿರು. ಉಸಿರಿಲ್ಲದವರ ಶ್ವಾಸನಾಳ ತೆರೆಯಬೇಕು. ಉಸಿರು ಬಂದರೆ ಕೆಂಪು, ಬಾರದಿದ್ದರೆ ಕಪ್ಪು. ಉಸಿರಾಟ ನಿಮಿಷಕ್ಕೆ 30 ಮೀರಿದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ ಇಲ್ಲವೇ ಹೇಳಿದ ಮಾತಿನಂತೆ ನಡೆದುಕೊಳ್ಳಲಾಗದಿದ್ದರೆ ಕೆಂಪು. ಉಳಿದವರು ಹಳದಿ. ಒಬ್ಬರಿಗೆ ಒಂದು ನಿಮಿಷವೂ ಹಿಡಿಯಬಾರದು. ಆ ಹೊತ್ತಿನಲ್ಲಿ ಶ್ವಾಸನಾಳ ತೆರೆಯುವುದು, ಜೋರು ರಕ್ತಸ್ರಾವ ತಡೆಯುವುದು ಬಿಟ್ಟರೆ ಬೇರೆ ಚಿಕಿತ್ಸೆಯಿಲ್ಲ. ಎರಡು ತಂಡಗಳು ಎರಡು ಪದ್ಧತಿ ಹಿಡಿದರೆ ಒಬ್ಬರ ಹಳದಿ ಇನ್ನೊಬ್ಬರ ಕೆಂಪಾಗುತ್ತದೆ. ಟ್ಯಾಗನ್ನು ಅಂಗಿಗೆ ಕಟ್ಟಿದರೆ, ಅಂಗಿ ಕತ್ತರಿಸಿ ತೆಗೆದಾಗ ಅದೂ ಹೋಗುತ್ತದೆ. ಮಣಿಕಟ್ಟಿಗೋ ಪಾದದ ಗಂಟಿಗೋ ಕಟ್ಟಿ, ಸಮಯ ಬರೆಯಬೇಕು. ಸಮಯವಿಲ್ಲದ ಹಳದಿ ಟ್ಯಾಗ್ ನಂಬುವಂಥದ್ದಲ್ಲ. ಅರ್ಧ ಗಂಟೆಯಲ್ಲಿ ಆ ವ್ಯಕ್ತಿ ಕೆಂಪಿಗೆ ಜಾರಿರಬಹುದು.

ಇಷ್ಟೆಲ್ಲ ಸರಿಯಾದ ಮೇಲೂ ಕೆಡುವುದು ಸಾಗಣೆ. ನಡೆಯಬಲ್ಲವರು ಯಾರಿಗೂ ಕಾಯುವುದಿಲ್ಲ. ಟ್ಯಾಕ್ಸಿಯೋ ಯಾರದೋ ಕಾರೋ ಹಿಡಿದು ಹತ್ತಿರದ ಆಸ್ಪತ್ರೆಗೆ ನುಗ್ಗುತ್ತಾರೆ. 1995ರ ಮಾರ್ಚ್ 20ರಂದು ಟೋಕಿಯೋ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲ ಬಿಟ್ಟಾಗ ಸೇಂಟ್ ಲೂಕ್ಸ್ ಆಸ್ಪತ್ರೆಯೊಂದಕ್ಕೇ ಆ ದಿನ 640 ಮಂದಿ ಬಂದರು, ಹೆಚ್ಚಿನವರು ಆಂಬುಲೆನ್ಸ್ ಇಲ್ಲದೆಯೇ. ಹೀಗೆ ಈಗಾಗಲೇ ತುಂಬಿದ ಬಾಗಿಲಿಗೇ ಆಂಬುಲೆನ್ಸ್ ಕೂಡ ಕೆಂಪು ಟ್ಯಾಗಿನವರನ್ನು ತಂದಿಳಿಸಿದರೆ ಅವರಿಗೆ ಆಪರೇಷನ್ ಟೇಬಲ್ ಸಿಗುವುದಿಲ್ಲ. ಹಾಗಾಗಿ ಯಾರು ಎಲ್ಲಿಗೆ ಎಂಬುದನ್ನು ಚಾಲಕ ತೀರ್ಮಾನಿಸುವಂತಿಲ್ಲ. ಸಾಗಣೆಗೆಂದೇ ಒಬ್ಬರಿರಬೇಕು, ಅವರ ಕೈಯಲ್ಲಿ ಪ್ರತಿ ಆಸ್ಪತ್ರೆ ಈ ಗಂಟೆ ಎಷ್ಟು ಕೆಂಪು, ಎಷ್ಟು ಹಳದಿ ತೆಗೆದುಕೊಳ್ಳಬಲ್ಲದೆಂಬ ಹಾಳೆ ಇರಬೇಕು. ಕಂಪ್ಯೂಟರಿಗಿಂತ ಹಾಳೆಯೇ ವಾಸಿ: ಇಂಥ ದಿನ ಮೊಬೈಲ್ ಜಾಲ ಮೊದಲು ಕೈಕೊಡುತ್ತದೆ. ಖಾಲಿ ಹಾಸಿಗೆ ಎಷ್ಟಿವೆ ಎಂದು ಕೇಳುವ ಬದಲು ಶಸ್ತ್ರವೈದ್ಯರು, ರಕ್ತ, ವೆಂಟಿಲೇಟರ್ ಎಷ್ಟಿವೆ ಎಂದು ಕೇಳಬೇಕು. ಹೊರಟ ಪ್ರತಿ ಆಂಬುಲೆನ್ಸಿಗೆ ಟ್ಯಾಗ್ ಸಂಖ್ಯೆ, ಹೊರಟ ಸಮಯ, ಆಸ್ಪತ್ರೆಯ ಹೆಸರು, ಇವಿಷ್ಟೂ ಒಂದು ಸಾಲಿನಲ್ಲಿ ಬಂದರೆ ಸಾಕು. ಸಂಜೆ ಹುಡುಕಿಕೊಂಡು ಬರುವ ಮನೆಯವರಿಗೂ ಅದೇ ಉತ್ತರ.

ಅವಶೇಷದಡಿ ಸಿಕ್ಕಿದವರ ವಿಷಯದಲ್ಲಿ ರಕ್ಷಣಾ ದಳವೂ ವೈದ್ಯರೂ ಒಟ್ಟಿಗೇ ಇರಬೇಕು. ಗಂಟೆಗಟ್ಟಲೆ ಜಜ್ಜಿದ ಸ್ನಾಯುವಿನಿಂದ ಭಾರ ಎತ್ತಿದೊಡನೆ ಪೊಟ್ಯಾಶಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಬದುಕಿದರೂ ಮೂತ್ರಪಿಂಡ ಕೆಡಬಹುದು. ಆದ್ದರಿಂದ ಕಾಂಕ್ರೀಟ್ ಎತ್ತುವ ಮುಂಚೆಯೇ ವಯಸ್ಕರಿಗೆ ಗಂಟೆಗೆ ಸುಮಾರು 1 ಲೀಟರಿನಂತೆ ಸಲೈನ್ ಡ್ರಿಪ್ ಶುರುವಾಗಬೇಕು. ಡ್ರಿಪ್‌ಗೆ ಬಳಸುವ ಇನ್ನೊಂದು ದ್ರವ ರಿಂಗರ್ ಲ್ಯಾಕ್ಟೇಟ್ ಬೇಡ, ಅದರಲ್ಲಿ ಪೊಟ್ಯಾಶಿಯಂ ಇದೆ. ‘ಎತ್ತುತ್ತೇವೆ’ ಎಂದು ದಳದವರು ಹೇಳದಿದ್ದರೆ ಡ್ರಿಪ್ ಹಾಕುವವರಿಗೆ ಗೊತ್ತಾಗುವುದಾದರೂ ಹೇಗೆ? ಎಷ್ಟು ಲೀಟರ್ ಹೋಯಿತು, ಮೂತ್ರ ಬಂತೇ ಎಂಬುದು ಟ್ಯಾಗಿನ ಮೇಲಿರಬೇಕು. ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಲೆಕ್ಕ ಮೊದಲಿನಿಂದ ಆರಂಭ. 1988ರ ಆರ್ಮೇನಿಯಾ ಭೂಕಂಪದಲ್ಲಿ ನೂರಾರು ಮಂದಿಗೆ ಡಯಾಲಿಸಿಸ್ ಬೇಕಾಗಿ ಬಂತು. ಮೂತ್ರಪಿಂಡ ತಜ್ಞರ ಅಂತರರಾಷ್ಟ್ರೀಯ ಸಂಘಟನೆ ವಿಪತ್ತುಗಳಿಗೆಂದೇ ಪ್ರತ್ಯೇಕ ಪಡೆ ಕಟ್ಟಿದ್ದು ಅದರ ನಂತರ.

ಹೊರಗಿನ ತಂಡಗಳ ತೊಡಕು ಬೇರೆ. 2010ರ ಹೈಟಿ ಭೂಕಂಪಕ್ಕೆ ಬಂದ ವಿದೇಶಿ ತಂಡಗಳಲ್ಲಿ ಯಾರಿಗೆ ಯಾವ ಸಾಮರ್ಥ್ಯವಿದೆ ಎಂಬುದೇ ಸ್ಪಷ್ಟವಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ತಂಡಗಳನ್ನು ವರ್ಗೀಕರಿಸಿತು. ಎರಡನೇ ವರ್ಗದ ತಂಡವೆಂದರೆ ದಿನಕ್ಕೆ 7 ದೊಡ್ಡ ಇಲ್ಲವೇ 15 ಸಣ್ಣ ಶಸ್ತ್ರಚಿಕಿತ್ಸೆ ಮಾಡಬಲ್ಲ, 20 ಒಳರೋಗಿಗಳನ್ನು ನೋಡಿಕೊಳ್ಳಬಲ್ಲ ತಂಡ. ಮೂರನೆಯದಕ್ಕೆ 15 ಅಥವಾ 30, ಜೊತೆಗೆ 40 ಒಳರೋಗಿಗಳು. ನೀರು, ಊಟ, ವಿದ್ಯುತ್ ತಾವೇ ತರಬೇಕು. ಸ್ಥಳೀಯ ಆರೋಗ್ಯ ಇಲಾಖೆಯ ಸಮನ್ವಯ ಘಟಕದಲ್ಲಿ ಹೆಸರು ಬರೆಸಿ, ದಿನವೂ ಒಂದೇ ನಮೂನೆಯಲ್ಲಿ ವರದಿ ಕೊಡಬೇಕು. ಎರಡು ಶಿಬಿರಗಳಿಂದ ಒಂದೇ ದಿನ ಭೇದಿಯ ಪ್ರಕರಣ ಏರಿದ್ದು ಆ ನಮೂನೆಯಿಂದಲೇ ಗೊತ್ತಾಗುವುದು.

ಮೂಳೆಗೆ ಹೊರಗಿನಿಂದ ಕಂಬಿ ಜೋಡಿಸಿ ತಂಡ ಊರಿಗೆ ಮರಳಿದರೆ, ವಾರಗಳ ನಂತರ ಅದನ್ನು ತೆಗೆಯುವವರು ಯಾರು? ಶಸ್ತ್ರಚಿಕಿತ್ಸೆಯ ವಿವರದ ಒಂದು ಪ್ರತಿ ರೋಗಿಯ ಕೈಯಲ್ಲಿ, ಇನ್ನೊಂದು ಸ್ಥಳೀಯ ಆಸ್ಪತ್ರೆಯಲ್ಲಿ ಉಳಿಯಬೇಕು, ಸ್ಥಳೀಯ ವೈದ್ಯರು ಓದಬಲ್ಲ ಭಾಷೆಯಲ್ಲಿ. ಆ ಕಂಬಿ ಬಿಚ್ಚುವ ಸ್ಪ್ಯಾನರನ್ನೂ ಅಲ್ಲೇ ಬಿಟ್ಟು ಹೋಗಬೇಕು.