ಲಾನ್‌ನಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ಕಳೆ: ಔಷಧಿ ಕೇಳುವ ಮೊದಲು ಬೇರು ನೋಡಿ

ಒಂದು ದಂಟಿಗೆ ಮೂರು ಎಲೆ, ತಿಳಿ ಗುಲಾಬಿ ಬಣ್ಣದ ಹೂವು, ಕಿತ್ತಷ್ಟೂ ಜಾಸ್ತಿಯಾಗುತ್ತದೆ, ಇದು ಯಾವ ಗಿಡ, ಏನು ಔಷಧಿ ಹೊಡೆಯಲಿ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ 2019ರ ನಮ್ಮ ಮನೆ ಅಂಗಳ ಕಣ್ಣ ಮುಂದೆ ಬಂತು.

ನಮ್ಮದು ಮೈಸೂರು. ಮನೆ ಮುಂದೆ 12ಕ್ಕೆ 16 ಅಡಿ ಜಾಗ, ಅದರಲ್ಲಿ ಮೆಕ್ಸಿಕನ್ ಹುಲ್ಲು. ಆ ವರ್ಷ ಏಪ್ರಿಲ್‌ನಲ್ಲಿ ಎರಡು ಮಳೆ ಬಿದ್ದಿದ್ದೇ ತಡ, ನರ್ಸರಿಯಿಂದ ತಂದು ನೆಟ್ಟ ದಾಸವಾಳದ ಬುಡದಲ್ಲಿ ಈ ಗಿಡ ಕಾಣಿಸಿಕೊಂಡಿತು. ಮಗಳು ಹೂ ಕಿತ್ತು ಲೋಟದಲ್ಲಿ ಇಟ್ಟಳು. ಚೆನ್ನಾಗಿದೆಯಲ್ಲ, ಇರಲಿ ಅಂತ ನಾನೂ ಬಿಟ್ಟೆ. ಜೂನ್ ಹೊತ್ತಿಗೆ ಲಾನ್‌ನ ಒಂದು ಮೂಲೆ ಪೂರ್ತಿ ಅದೇ ಆಗಿತ್ತು.

ಕೈಯಲ್ಲಿ ಕಿತ್ತೆ. ದಂಟು ಪಟ್ ಅಂತ ಕಿತ್ತು ಬರುತ್ತಿತ್ತು, ಬುಡ ಮಣ್ಣಲ್ಲೇ ಉಳಿಯುತ್ತಿತ್ತು. ವಾರ ಕಳೆದರೆ ಅಲ್ಲೇ ಹೊಸ ಎಲೆ. ಸಿಟ್ಟು ಬಂತು. ಬೇರು ಸಮೇತ ತೆಗೆದರೆ ತಾನೇ ಹೋಗೋದು ಅಂತ ಒಂದು ಶನಿವಾರ ಕೆಲಸದವರನ್ನು ಕರೆದು, ಗುದ್ದಲಿ ಹಾಕಿಸಿ, ಲಾನ್ ಪೂರ್ತಿ ಅರ್ಧ ಅಡಿ ಅಗೆಸಿಬಿಟ್ಟೆ.

ನನ್ನ ತಪ್ಪು ಇದೇ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ 'ಅಗೆಸೋಣ ಅಂತಿದ್ದೇವೆ' ಅಂತ ಕೊನೆಯಲ್ಲಿ ಬರೆದಿದ್ದೀರಿ.

ಅಗೆದ ಮಣ್ಣಿನಲ್ಲಿ ಕಂಡ ಬೇರನ್ನೆಲ್ಲ ಆರಿಸಿದೆವು. ಹೆಂಟೆಗಳನ್ನು ಒಡೆದೆವು. ರೇಕ್ ಎಳೆದು ಮಟ್ಟ ಮಾಡಿದೆವು. ಉಳಿದ ಮಣ್ಣನ್ನು ತುಳಸಿ ಕಟ್ಟೆಗೆ, ಕರಿಬೇವಿನ ಬುಡಕ್ಕೆ, ನಾಲ್ಕು ಕುಂಡಗಳಿಗೆ ತುಂಬಿದೆ. ಪಕ್ಕದ ಮನೆ ಆಂಟಿ ಮಣ್ಣು ಬೇಕು ಅಂದಿದ್ದರು, ಅವರಿಗೂ ಎರಡು ಬಾಂಡ್ಲಿ ಕೊಟ್ಟೆ. ಮೇಲೆ ಹೊಸ ಹುಲ್ಲು ಹಾಸಿಸಿದೆ. ಹುಲ್ಲು, ಕೂಲಿ ಸೇರಿ 8,000 ರೂಪಾಯಿ ಆಯಿತು.

ಮೂರು ವಾರಕ್ಕೆ ಮಳೆ ಹಿಡಿಯಿತು. ಹೊಸ ಹುಲ್ಲಿನ ಸಂದಿಯಲ್ಲಿ ಸಣ್ಣ ಸಣ್ಣ ಎಲೆ ಎದ್ದವು. ಒಂದು ಮೂಲೆಯಲ್ಲಲ್ಲ, ಎಲ್ಲ ಕಡೆ. ಕೆಲವು ಕಡೆ ಸಾಲು ಹಿಡಿದು ಬಂದಿದ್ದವು, ರೇಕಿನ ಹಲ್ಲು ಎಳೆದ ಗೆರೆಯಲ್ಲೇ. ಬಿತ್ತನೆ ಮಾಡಿದ ಹಾಗೆ. ತುಳಸಿ ಕಟ್ಟೆಯಲ್ಲೂ ಬಂತು, ಆಂಟಿಯ ಗುಲಾಬಿ ಕುಂಡದಲ್ಲೂ ಬಂತು.

ಆಗ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೊದಲಿಂದ ಇದ್ದ, ಬಲಿತ ಒಂದು ಗಿಡವನ್ನು ದಾಸವಾಳದ ಬುಡದಿಂದ ಮಣ್ಣಿನ ಮುದ್ದೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಇಟ್ಟು ಮೆತ್ತಗೆ ತೊಳೆದೆ. ಮಣ್ಣು ಕರಗಿದ ಮೇಲೆ ಕಂಡಿದ್ದು ಇದು: ನಡುವೆ ಕಂದು ಸಿಪ್ಪೆಯ ಒಂದು ಗಡ್ಡೆ, ಸಣ್ಣ ಈರುಳ್ಳಿ ಥರ. ಅದರ ಕೆಳಗೆ ಪುಟ್ಟ ಮೂಲಂಗಿಯಂಥ ಬಿಳಿ ಬೇರು, ನೀರು ತುಂಬಿಕೊಂಡು ಗಾಜಿನ ಹಾಗೆ ಹೊಳೆಯುತ್ತಿತ್ತು. ಗಡ್ಡೆಯ ಸುತ್ತ ಬಿಳಿ ದಾರದಂಥ ಎಳೆಗಳು, ಒಂದೊಂದು ಎಳೆಯ ತುದಿಗೂ ಒಂದು ಮರಿಗಡ್ಡೆ. ಕೆಲವು ಕಡಲೆಯಷ್ಟು, ಕೆಲವು ಸಾಸಿವೆಗಿಂತ ಸ್ವಲ್ಪ ದೊಡ್ಡವು. ಎಣಿಸಿದೆ, 23 ಇದ್ದವು. ಒಂದೇ ಗಿಡದಲ್ಲಿ. ಆ ಎಳೆ ಮುಟ್ಟಿದರೆ ಸಾಕು, ಮರಿಗಡ್ಡೆ ಕಳಚಿ ಬೀಳುತ್ತದೆ. ಗುದ್ದಲಿ ಏಟಿಗೆ ಏನಾಗಿರಬೇಕು ನೀವೇ ಯೋಚಿಸಿ. ನಾವು ಆರಿಸಿದ್ದು ಕಣ್ಣಿಗೆ ಕಂಡ ದೊಡ್ಡ ಗಡ್ಡೆಗಳನ್ನು ಮಾತ್ರ. ಮಣ್ಣಿನ ಬಣ್ಣದ ಮರಿಗಳನ್ನೆಲ್ಲ ಹೆಂಟೆ ಒಡೆದು, ರೇಕ್ ಎಳೆದು, ಮನೆಯ ಸುತ್ತ ನಾವೇ ಹಂಚಿದ್ದೆವು.

ಈ ಗಿಡದ ಹೆಸರು ಆಕ್ಸಾಲಿಸ್ ಲ್ಯಾಟಿಫೋಲಿಯಾ. ಹುಳಿಸೊಪ್ಪಿನ ಜಾತಿ, ಮೂಲ ಮೆಕ್ಸಿಕೊ ಕಡೆಯದು. ನಮ್ಮಲ್ಲಿ ಇದು ಹರಡುವುದು ಗಡ್ಡೆಯಿಂದ, ಬೀಜದಿಂದ ಅಲ್ಲ. ನರ್ಸರಿ ಕುಂಡದ ಮಣ್ಣು, ಕೊಂಡು ತಂದ ಕೆಮ್ಮಣ್ಣು, ಇವುಗಳ ಜೊತೆ ಮನೆಗೆ ಬರುತ್ತದೆ. ನಿಮ್ಮದೂ ಇದೇ ಅಂತ ನನ್ನ ಅಂದಾಜು. ಮೂರು ಎಲೆಗಳೂ ಅಗಲವಾಗಿ, ತುದಿ ಮೀನಿನ ಬಾಲದ ಹಾಗೆ ಸೀಳಿದಂತಿರುತ್ತವೆ. ಸಂಜೆಯಾದರೆ ಮಡಚಿಕೊಳ್ಳುತ್ತವೆ.

ಆದರೆ ಮೂರು ಎಲೆ ಕಂಡ ಮಾತ್ರಕ್ಕೆ ತೀರ್ಮಾನ ಮಾಡಬೇಡಿ. ಇದರ ನೆಂಟ ಇನ್ನೊಂದಿದೆ, ಹಳದಿ ಹೂವಿನ ಹುಳಿಸೊಪ್ಪು. ಅದಕ್ಕೆ ಗಡ್ಡೆ ಇಲ್ಲ. ನೆಲಕ್ಕೆ ಅಂಟಿ ಹಬ್ಬುತ್ತದೆ, ಪುಟ್ಟ ಬೆಂಡೆಕಾಯಿಯಂಥ ಕಾಯಿ ಬಿಡುತ್ತದೆ, ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಎರಚುತ್ತದೆ. ಅದನ್ನು ಕಾಯಿ ಕಟ್ಟುವ ಮೊದಲು ಕಿತ್ತರೆ ಕೆಲಸ ಅರ್ಧ ಮುಗಿದಂತೆ. ಅದಕ್ಕೆ ಮಾಡುವ ಉಪಚಾರ ಇದಕ್ಕೆ ಆಗಿಬರುವುದಿಲ್ಲ. ಮುಖ್ಯ ವ್ಯತ್ಯಾಸ ಇರೋದು ಮಣ್ಣಿನ ಕೆಳಗೆ.

ಇನ್ನು ನಿಮ್ಮ ಔಷಧಿಯ ಪ್ರಶ್ನೆ. ನಾನದನ್ನು ಒಪ್ಪುವುದಿಲ್ಲ. ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆದರೆ ನಿಮ್ಮ ಹುಲ್ಲೂ ಸಾಯುತ್ತದೆ. ಎಲೆ ಬಿಡದೆ ಮಲಗಿರುವ ಮರಿಗಡ್ಡೆಗೆ ಅದು ತಲುಪುವುದೇ ಇಲ್ಲ. 2,4-ಡಿ ಅನ್ನೋ ಇನ್ನೊಂದು ಕಳೆನಾಶಕ ಹುಲ್ಲನ್ನು ಉಳಿಸಿ ಅಗಲ ಎಲೆಯ ಕಳೆಯನ್ನು ಸುಡುತ್ತದೆ, ನಿಜ. ನಾನು ಒಂದು ಸಲ ಹೊಡೆದೂ ನೋಡಿದೆ. ಎಲೆ ಮುರುಟಿತು, ತಿಂಗಳಲ್ಲಿ ಗಡ್ಡೆಯಿಂದ ಮತ್ತೆ ಚಿಗುರಿತು. ಆ ದಿನ ಸ್ವಲ್ಪ ಗಾಳಿ ಇತ್ತು, ಕಾಂಪೌಂಡ್ ಪಕ್ಕದ ಟೊಮೆಟೊ ಗಿಡಗಳ ಎಲೆಯೆಲ್ಲ ಸುರುಳಿ ಸುತ್ತಿಕೊಂಡವು. ಮಕ್ಕಳು ಬರಿಗಾಲಲ್ಲಿ ಆಡುವ ಇಷ್ಟು ಸಣ್ಣ ಜಾಗಕ್ಕೆ ಅದೆಲ್ಲ ಬೇಡ.

ನನಗೆ ಫಲ ಕೊಟ್ಟಿದ್ದು ಒಂದು ಹಳೆ ಸ್ಕ್ರೂಡ್ರೈವರ್. ಮಳೆ ಬಂದ ಮರುದಿನ ಮಣ್ಣು ಮೆತ್ತಗಿರುವಾಗ ಗಿಡದ ಪಕ್ಕ ನಾಲ್ಕಿಂಚು ಚುಚ್ಚಿ, ಅಡಿಯಿಂದ ಮೀಟಿ, ಮುದ್ದೆ ಸಮೇತ ಎತ್ತಿ ಸೀದಾ ಬಕೆಟ್‌ಗೆ ಹಾಕಬೇಕು. ಮಣ್ಣನ್ನು ಅಲ್ಲೇ ಕೊಡವಬಾರದು. ಕೊಡವಿದರೆ ಮರಿಗಡ್ಡೆ ವಾಪಸ್ ನೆಲಕ್ಕೇ ಬೀಳುತ್ತದೆ. ಗುಂಡಿಗೆ ಒಂದು ಹಿಡಿ ಮರಳು ತುಂಬಿ. ಎರಡು ಮೂರು ದಂಟು ಎದ್ದಿರುವಾಗಲೇ ಎತ್ತಿಬಿಡಿ, ಹೂವಿಗೆ ಕಾಯಬೇಡಿ. ಆಗ ಹಳೆ ಗಡ್ಡೆಯ ಸತ್ವ ಎಲೆಗೆ ಖರ್ಚಾಗಿರುತ್ತದೆ, ಹೊಸ ಮರಿಗಳು ಇನ್ನೂ ಕಟ್ಟಿರುವುದಿಲ್ಲ. ಕಿತ್ತಿದ್ದನ್ನು ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ, ಅಲ್ಲಿಂದ ಮತ್ತೆ ಕುಂಡಕ್ಕೇ ಬರುತ್ತದೆ. ನಾನು ಸಿಮೆಂಟ್ ಚೀಲದಲ್ಲಿ ಕಟ್ಟಿ ತಾರಸಿ ಬಿಸಿಲಲ್ಲಿ ಪೂರ್ತಿ ಒಣಗುವವರೆಗೆ ಇಡುತ್ತಿದ್ದೆ.

ದಿನಕ್ಕೆ ಕಾಲು ಗಂಟೆ, ಬೆಳಿಗ್ಗೆ ಕಾಫಿ ಆದ ಮೇಲೆ. ಭಾನುವಾರ ಆಂಟಿಯ ಕುಂಡಗಳಿಗೂ ಹೋಗಿ ಮಾಡಿಕೊಟ್ಟೆ. ನಾನೇ ಕೊಟ್ಟಿದ್ದು, ನಾನೇ ತೆಗೀಬೇಕು ಅಲ್ವಾ. 2020ರ ಮಳೆಗಾಲದಲ್ಲಿ ದಿನಾ ಅರ್ಧ ಬಕೆಟ್ ಸಿಗುತ್ತಿತ್ತು. 2021ರಲ್ಲಿ ವಾರಕ್ಕೆ ಒಂದು ಹಿಡಿ. ಈಗ ಮೊದಲ ಮಳೆಗೆ ಹತ್ತೋ ಹನ್ನೆರಡೋ ಏಳುತ್ತವೆ, ಅಷ್ಟೆ. ಹುಲ್ಲನ್ನು ತೀರಾ ಬೋಳು ಮಾಡಿ ಕತ್ತರಿಸುವುದನ್ನೂ ಬಿಟ್ಟಿದ್ದೇನೆ. ಎರಡು ಇಂಚು ದಟ್ಟವಾಗಿದ್ದರೆ ಹೊಸದಕ್ಕೆ ಜಾಗ ಸಿಗುವುದಿಲ್ಲ.

ಕೆಲಸದವರಿಗೆ ಬರಬೇಡಿ ಅಂತ ಇವತ್ತೇ ಫೋನ್ ಮಾಡಿ. ಆಮೇಲೆ ಒಂದು ಗಿಡವನ್ನು ಮುದ್ದೆ ಸಮೇತ ಎತ್ತಿ ಬಕೆಟ್‌ನಲ್ಲಿ ತೊಳೆದು ಫೋಟೊ ಹಾಕಿ. ಹೂವಿನದು ಬೇಡ, ಬೇರಿನದು.